ಹತ್ತೊಂಬತ್ತು ದಿನಕ್ಕೆ ದುಡ್ಡು, ನಲವತ್ತು ವಾರಕ್ಕೆ ಸೊನ್ನೆ

ಹುರುಳಿ ಕಟಾವಿನ ಕಾಲಕ್ಕೆ ಕೊಳ್ಳೇಗಾಲ, ಹನೂರು ಸುತ್ತಮುತ್ತ ಡಾಂಬರು ರಸ್ತೆಯೇ ಕಣ. ಗಿಡ ತಂದು ಹರಡಿದರೆ ಸಾಕು, ಬಸ್ಸು ಲಾರಿಗಳು ಪುಕ್ಕಟೆಯಾಗಿ ತುಳಿದು ಕಾಳು ಬಿಡಿಸಿಕೊಡುತ್ತವೆ. ಹರಡಬೇಡಿ ಎಂದು ಹೇಳುವವರು ಹೇಳುತ್ತಲೇ ಇರುತ್ತಾರೆ, ಹರಡುವವರು ಹರಡುತ್ತಲೇ ಇರುತ್ತಾರೆ. ಒಣಗಿದ ಹುರುಳಿ ಸೊಪ್ಪಿನ ಮೇಲೆ ಬೈಕಿನ ಚಕ್ರ ಹತ್ತಿತೆಂದರೆ ಬ್ರೇಕು ಇದ್ದೂ ಇಲ್ಲದಂತೆಯೇ.

ಈ ಅಂಕಣಕಾರನ ಭಾವ ಹನೂರಿನ ಕಡೆ ಮದುವೆ ಮುಗಿಸಿ ಬರುವಾಗ ಜಾರಿ ಬಿದ್ದದ್ದು ಹಾಗೆ. ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದು, ಒಂದು ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಅಲ್ಲಿ ಮೂಳೆಯ ಮುಂಭಾಗಕ್ಕೆ ಚರ್ಮ ಬಿಟ್ಟರೆ ಬೇರೆ ಹೊದಿಕೆಯೇ ಇಲ್ಲ. ಮಾಂಸ ತೆಳ್ಳಗೆ, ರಕ್ತ ಸಂಚಾರ ಕಡಿಮೆ, ಗಾಯಕ್ಕೆ ರಸ್ತೆಯ ಮಣ್ಣು ಬೇರೆ. ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿ, 108ರಲ್ಲಿ ಮೈಸೂರಿಗೆ ಕಳಿಸಿದರು. ಅಲ್ಲಿ ರಾಡು ಹಾಕಿದರು. ಇಲ್ಲಿಯವರೆಗೆ ಎಲ್ಲವೂ ಸಮವೇ.

ಆಸ್ಪತ್ರೆಯ ಬಿಲ್ಲು ಈ ಮನೆಯನ್ನು ಮುಳುಗಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ವಿಮೆ ಮಾರುವವರೆಲ್ಲ ಬಿಲ್ಲಿನ ಗುಮ್ಮನನ್ನೇ ತೋರಿಸುತ್ತಾರೆ. ಭಾವನದು ಬಿಪಿಎಲ್ ಕಾರ್ಡು. 2018ರಲ್ಲಿ ಶುರುವಾಗಿ ಅದೇ ವರ್ಷ ಕೇಂದ್ರದ ಯೋಜನೆಯೊಂದಿಗೆ ಸೇರಿಕೊಂಡ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಇಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ತುರ್ತು ಚಿಕಿತ್ಸೆಗೆ ರೆಫರಲ್ ಬೇಕಿಲ್ಲ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಲ್ಲಿ ಕೂರುತ್ತಾರೆಂದು ಕೇಳಿಕೊಂಡು ಹೋಗಿ ಕಾರ್ಡು ತೋರಿಸುವ ಬುದ್ಧಿ ಅಕ್ಕನಿಗೆ ಇತ್ತು. ಅಪಘಾತದ ಮೊದಲ 48 ಗಂಟೆಗೆಂದು 25,000 ರೂಪಾಯಿಯ ಸಾಂತ್ವನ ಯೋಜನೆಯನ್ನೂ ರಾಜ್ಯ ಸರ್ಕಾರ 2016ರಲ್ಲಿ ತಂದಿತ್ತು. ಆ ವರ್ಷ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ಸಾಯುವ ಹೊತ್ತಿನಲ್ಲೂ ಅಂಗದಾನದ ಮಾತಾಡಿದ ಹರೀಶ್ ಅವರ ಹೆಸರನ್ನೇ ಅದಕ್ಕೆ ಇಟ್ಟಿತ್ತು. 2025ರ ಮೇ ತಿಂಗಳಿಂದ ಕೇಂದ್ರದ್ದೂ ಬಂದಿದೆ: ರಸ್ತೆ ಅಪಘಾತವಾದರೆ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ. ಭಾವ ಬಿದ್ದಾಗ ಇದು ಇರಲಿಲ್ಲ. ಆದರೂ ಶಸ್ತ್ರಚಿಕಿತ್ಸೆಗೆ ಕೈಯಿಂದ ಹೋದದ್ದು ಅಷ್ಟಕ್ಕಷ್ಟೇ.

ಮನೆ ಬಿರುಕು ಬಿಟ್ಟದ್ದು ಆಮೇಲೆ.

ಭಾವನ ಕಸುಬು ರೇಷ್ಮೆ. ಯಳಂದೂರು ತಾಲ್ಲೂಕಿನಲ್ಲಿ ಒಂದೆಕರೆ ಚಿಲ್ಲರೆ ಹಿಪ್ಪುನೇರಳೆ, ಪಕ್ಕದಲ್ಲೇ ಹುಳುಮನೆ. ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಹಸಿವೆಂದರೆ ಹಸಿವು. ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಆ ಕೊನೆಯ ವಾರದಲ್ಲೇ ಹೋಗುತ್ತದೆ. ಕಾಲಿಗೆ ರಾಡು ಹಾಕಿಸಿಕೊಂಡ ಮನುಷ್ಯ ಜಗಲಿಯ ಮೇಲೆ ಕೂತು ಆ ವಾರವನ್ನು ನೋಡಬೇಕು. ಭಾವ ನೋಡಲಾರದೆ ಎದ್ದ. ಭಾರ ಹಾಕಬೇಡಿ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದ ಕಾಲಿನ ಮೇಲೆಯೇ ಸೊಪ್ಪಿನ ಹೊರೆ ಹೊತ್ತ. ರಾಡನ್ನು ಮೂಳೆಗೆ ಬಿಗಿದಿದ್ದ ಬೋಲ್ಟುಗಳಲ್ಲಿ ಒಂದು ಮುರಿಯಿತು. ಅದೇ ಸುಮಾರಿಗೆ ಗಾಯದಿಂದ ಕೀವು ಜಿನುಗತೊಡಗಿತು. ಎರಡಕ್ಕೂ ಸಂಬಂಧವಿಲ್ಲ, ಮೊದಲ ದಿನ ಹೊಕ್ಕ ಮಣ್ಣಿನ ಫಲ ಇದು ಎಂದರು ವೈದ್ಯರು. ರಾಡು ತೆಗೆದರು. ಸತ್ತ ಮೂಳೆ ಕತ್ತರಿಸಿದರು. ನಡುವೆ ಐದು ಸೆಂಟಿಮೀಟರ್ ಖಾಲಿ.

ಆ ಖಾಲಿ ತುಂಬಲು ಹಾಕುವುದು ರಿಂಗು. ಸೈಬೀರಿಯಾದ ಕುರ್ಗಾನ್ ಎಂಬ ಊರಿನ ವೈದ್ಯ ಇಲಿಜರೋವ್ 1950ರ ದಶಕದಲ್ಲಿ ಕಂಡುಕೊಂಡ ವಿಧಾನ. ಒಳ್ಳೆಯ ಮೂಳೆಯನ್ನು ಬೇರೊಂದು ಕಡೆ ಕತ್ತರಿಸಿ, ಆ ತುಂಡನ್ನು ತಂತಿ, ಉಕ್ಕಿನ ಬಳೆಗಳಿಂದ ಹಿಡಿದು ನಿಧಾನವಾಗಿ ಸರಿಸುತ್ತ ಹೋದರೆ, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಸರಿಸುವ ವೇಗ ದಿನಕ್ಕೆ ಒಂದು ಮಿಲಿಮೀಟರ್, ಅದೂ ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಅಕ್ಕ ಸ್ಪ್ಯಾನರ್ ಹಿಡಿದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ ನಟ್ಟು ತಿರುಗಿಸುತ್ತಿದ್ದಳು. ಯಾವ ನಟ್ಟು ಎಷ್ಟು ತಿರುಗಿತು ಎಂಬ ಗುರುತಿಗೆ ಉಗುರು ಬಣ್ಣದ ಚುಕ್ಕೆ.

ಈ ಒಂದು ಮಿಲಿಮೀಟರ್ ಹಣಕಾಸಿನ ಲೆಕ್ಕವೂ ಹೌದು. ಐದು ಸೆಂಟಿಮೀಟರ್ ಎಂದರೆ 50 ಮಿಲಿಮೀಟರ್, ಅಂದರೆ 50 ದಿನ. ಶುರು ಮಾಡುವ ಮುನ್ನ ಒಂದು ವಾರ ಕಾಯಬೇಕು. ಸರಿಸಿ ಮುಗಿದ ಮೇಲೆ ಹೊಸ ಮೂಳೆ ಗಟ್ಟಿಯಾಗಲು ಸರಿಸಿದ್ದರ ಎರಡರಷ್ಟಾದರೂ ಕಾಲ, 100 ದಿನ. ಒಟ್ಟು 157. ಐದು ತಿಂಗಳಿಗೂ ಹೆಚ್ಚು. ಅದಕ್ಕೆ ಮೊದಲು ರಾಡು, ಕೀವು ಎಂದು ಕಳೆದದ್ದು ಮೂರು ತಿಂಗಳು. ರಿಂಗು ಬಿಚ್ಚಿದ ಮೇಲೆ ಕೋಲು ಹಿಡಿದು ಎರಡು ತಿಂಗಳು. ಹತ್ತು ತಿಂಗಳಾಯಿತು. ದುಡಿಮೆ ಪೂರಾ ನಿಂತದ್ದನ್ನು ಬಿಗಿಯಾಗಿ ಹಿಡಿದರೂ 40 ವಾರ.

ಆ ಮನೆ ವರ್ಷಕ್ಕೆ ಐದು ಬೆಳೆ ತೆಗೆಯುತ್ತಿತ್ತು. ಚಾಕಿ ಹುಳು, ಗೊಬ್ಬರ, ಔಷಧಿ, ಸಾಗಣೆ ಕಳೆದು ಬೆಳೆಗೆ ಸುಮಾರು 25,000 ರೂಪಾಯಿ ಉಳಿತಾಯ. ಗಂಡ ಹೆಂಡತಿಯ ಮೈಗೆಲಸಕ್ಕೆ ಸಿಗುತ್ತಿದ್ದ ಕೂಲಿಯೂ ಅದೇ. ನಾಲ್ಕು ಬೆಳೆ ತಪ್ಪಿತು: ಒಂದು ಲಕ್ಷ. ಅಕ್ಕ ಆಳು ಇಟ್ಟು ಒಂದು ಬೆಳೆ ಎಬ್ಬಿಸಿದಳು, ಅದರ ಲಾಭ ಆಳಿಗೇ ಸರಿಹೋಯಿತು. ರಿಂಗು ಹಾಕಿದ ಕಾಲನ್ನು ಬಸ್ಸಿನ ಸೀಟಿನಲ್ಲಿ ಮಡಿಸಲಾಗದು, ಮೈಸೂರಿಗೆ ತಿಂಗಳಿಗೊಮ್ಮೆ ಬಾಡಿಗೆ ಕಾರು, 2,500ರಂತೆ 25,000. ಡ್ರೆಸ್ಸಿಂಗು, ಮಾತ್ರೆ, ಊರುಗೋಲು, ಫಿಸಿಯೋಥೆರಪಿ ಎಂದು 20,000. ಸರ್ಕಾರಿ ಯೋಜನೆ ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ ನೋಡಿಕೊಳ್ಳುತ್ತದೆ, ಮೂಳೆಗೆ ಆ ಕ್ಯಾಲೆಂಡರ್ ಗೊತ್ತಿಲ್ಲ. ಸರ ಅಡವಿಟ್ಟು ತಂದ ಲಕ್ಷಕ್ಕೆ ವರ್ಷದ ಬಡ್ಡಿ 12,000. ಕೂಡಿದರೆ 1,57,000. ಇದರಲ್ಲಿ ಒಂದು ರೂಪಾಯಿಯೂ ಆಪರೇಷನ್ ಬಿಲ್ಲಲ್ಲ.

ಈಗ ಭಾವ ವಿಮೆಯ ವಿಷಯದಲ್ಲಿ ಮಾಡಿದ ನಿರ್ಧಾರಕ್ಕೆ ಬರೋಣ. ಬೀಳುವುದಕ್ಕೆ ನಾಲ್ಕು ವರ್ಷ ಮೊದಲು ಭಾವ ಬೆಳೆಸಾಲ ನವೀಕರಿಸಲು ಬ್ಯಾಂಕಿಗೆ ಹೋಗಿದ್ದ. ಕೌಂಟರಿನಾಚೆಯವರು ಸಾಲದ ಕಾಗದದ ಜೊತೆಗೇ ಒಂದು ‘ಹಾಸ್ಪಿಟಲ್ ಕ್ಯಾಶ್’ ಪಾಲಿಸಿಗೂ ಸಹಿ ಹಾಕಿಸಿದರು. ವರ್ಷಕ್ಕೆ 3,600, ಖಾತೆಯಿಂದ ತಾನೇ ಕಡಿತ. ಆಸ್ಪತ್ರೆಗೆ ಸೇರಿದರೆ ದಿನಕ್ಕೆ ಸಾವಿರ. ಭಾವ ಅದನ್ನು ‘ಕಾಲು ಕೈ ಮುರಿದರೆ ಬರುವ ದುಡ್ಡು’ ಎಂದೇ ನಂಬಿದ್ದ. ನಂಬಿದ್ದರಿಂದಲೇ ಬೇರೆ ಅಪಘಾತ ವಿಮೆಯ ಗೊಡವೆಗೆ ಹೋಗಲಿಲ್ಲ.

ಸೇರಿದ್ದು ಮೊದಲ ಸಲ ಎಂಟು ದಿನ, ಎರಡನೇ ಸಲ ಹದಿಮೂರು. ಎರಡರಲ್ಲೂ ಮೊದಲ ದಿನ ಲೆಕ್ಕಕ್ಕಿಲ್ಲ. ಏಳು, ಹನ್ನೆರಡು, ಒಟ್ಟು 19 ದಿನ, 19,000 ರೂಪಾಯಿ. ರಿಂಗು ಬಿಚ್ಚಿಸಲು ಬೆಳಿಗ್ಗೆ ಹೋಗಿ ಸಂಜೆ ಬಂದದ್ದು 24 ಗಂಟೆ ಆಗಲಿಲ್ಲ, ಅದಕ್ಕೆ ಸೊನ್ನೆ. ನಾಲ್ಕು ವರ್ಷ ಕಟ್ಟಿದ್ದು 14,400. ಕೈಗೆ ಉಳಿದದ್ದು 4,600, ಎರಡು ಸಲ ಮೈಸೂರಿಗೆ ಕಾರು ಮಾಡಿಕೊಂಡು ಹೋಗುವಷ್ಟೂ ಅಲ್ಲ. ಅಕ್ಕ ಫೋನಿನಲ್ಲಿ ಕೇಳಿದಳು: “ಆಸ್ಪತ್ರೆಲಿ ಮಲಗಿದ್ರ ದುಡ್ಡು, ಮನೇಲಿ ಮಲಗಿದ್ರ ಇಲ್ವಂತ. ಇದ್ಯಾವ ನ್ಯಾಯ ಕಣಪ್ಪ?”

ನ್ಯಾಯದ ಪ್ರಶ್ನೆಯೇ ಅಲ್ಲ, ಅದು ಅವರು ಮಾರುವ ಸರಕು. ಮಂಚದ ಮೇಲಿನ ದಿನಗಳು ಕಡಿಮೆಯಾಗುತ್ತಿವೆ ಎಂಬುದು ಕಂಪನಿಗಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ವಾರದೊಳಗೆ ಮನೆಗೆ ಕಳಿಸುವ ಕಾಲದಲ್ಲಿ ಮಂಚಕ್ಕೆ ಬೆಲೆ ಕಟ್ಟಿ ಮಾರುವುದರಲ್ಲಿ ಅವರಿಗೆ ನಷ್ಟವೆಲ್ಲಿ? ಬೆಳೆಸಾಲಕ್ಕೆ ಬಂದ ರೈತನ ಮುಂದೆ ಇದನ್ನು ತಳ್ಳುವವರ ಮಾತು ಈ ಅಂಕಣಕಾರನಿಗೆ ಈಚೆಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕೇಳಲಾಗುವುದಿಲ್ಲ.

ಬೇರೆ ವಿಮೆಗಳು ಇರಲಿಲ್ಲವೇ? ಇದ್ದವು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಸತ್ತರೆ 2 ಲಕ್ಷ, ಒಂದು ಕಾಲು ಪೂರ್ತಿ ಹೋದರೆ 1 ಲಕ್ಷ ಕೊಡುತ್ತದೆ. ಬೈಕಿನ ಮಾಲೀಕ ಚಾಲಕನಿಗೆ ಕಡ್ಡಾಯವಾದ ಅಪಘಾತ ವಿಮೆ 15 ಲಕ್ಷದ್ದು, ಅದರ ಪಟ್ಟಿಯಲ್ಲೂ ಸಾವು, ಕಾಲು ಹೋಗುವುದು, ಕಣ್ಣು ಹೋಗುವುದೇ. ಹೋದರೆ ಉಂಟು, ಮುರಿದು ಕೂಡಿಕೊಂಡರೆ ಇಲ್ಲ. ಥರ್ಡ್ ಪಾರ್ಟಿ ಪರಿಹಾರ ಕೇಳೋಣವೆಂದರೆ ಗುದ್ದಿದ ಇನ್ನೊಂದು ವಾಹನ ಬೇಕಲ್ಲ. ಹುರುಳಿ ಸೊಪ್ಪಿಗೆ ನಂಬರ್ ಪ್ಲೇಟ್ ಇಲ್ಲ. (ಗುದ್ದಿದವರು ಇದ್ದವರಿಗೆ ಒಂದು ಮಾತು: 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ವೈದ್ಯರು ಬರೆದುಕೊಡುವ ಕಾಲಿನ ಶೇಕಡಾವಾರು ನ್ಯೂನತೆಯೇ ಸಂಪಾದನೆಯ ನಷ್ಟವಲ್ಲ ಎಂದು ರಾಜ್‌ಕುಮಾರ್ ಪ್ರಕರಣದಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಕೈ ಹೋದರೆ ಬಡಗಿಯ ಬದುಕೇ ಹೋಗಬಹುದು, ಗುಮಾಸ್ತನ ಸಂಬಳ ಉಳಿಯಬಹುದು. ಕಸುಬು ಯಾವುದೆಂದು ವಕೀಲರಿಗೆ ಬಿಡಿಸಿ ಹೇಳಬೇಕು.)

ಬೇಕಿದ್ದದ್ದು ವಾರದ ಲೆಕ್ಕದಲ್ಲಿ ಕೊಡುವ ವಿಮೆ. 2021ರ ಏಪ್ರಿಲ್‌ನಿಂದ ಎಲ್ಲ ಜನರಲ್ ಇನ್ಶೂರೆನ್ಸ್ ಕಂಪನಿಗಳೂ ಒಂದೇ ಮಾದರಿಯಲ್ಲಿ ಮಾರಬೇಕಾದ ಸರಳ್ ಸುರಕ್ಷಾ ಬಿಮಾದಲ್ಲಿ ಅದು ಐಚ್ಛಿಕವಾಗಿ ಇದೆ: ಅಪಘಾತದಿಂದ ದುಡಿಯಲಾಗದೆ ಕೂತಿರುವಷ್ಟು ಕಾಲ ವಾರಕ್ಕೆ ವಿಮಾ ಮೊತ್ತದ ಶೇ 0.2, ಹೆಚ್ಚೆಂದರೆ 100 ವಾರ. ಹತ್ತು ಲಕ್ಷಕ್ಕೆ ಮಾಡಿಸಿದ್ದರೆ ವಾರಕ್ಕೆ 2,000. 40 ವಾರಕ್ಕೆ 80,000. ಒಂದು ಲಕ್ಷದ ಐವತ್ತೇಳು ಸಾವಿರಕ್ಕೆ ಇದು ಅರ್ಧ ಮಾತ್ರ. ಸರ ಅಡವಿಡುವುದು ತಪ್ಪುತ್ತಿತ್ತೋ ಏನೋ, ಸೊಪ್ಪಿನ ಹೊರೆ ಹೊರುವುದಂತೂ ತಪ್ಪುತ್ತಿತ್ತು.

ನಂಜನಗೂಡಿನ ಕಾರ್ಖಾನೆಗೆ ಹೋಗುವ ಇಎಸ್ಐ ಕಾರ್ಮಿಕನಿಗೆ ಕೆಲಸದ ಸಂಬಂಧ ಕಾಲು ಮುರಿದರೆ ಗುಣವಾಗುವವರೆಗೆ ಕೂಲಿಯ ಶೇ 90 ಬರುತ್ತದೆ. ಹುಳುಮನೆಯವನಿಗೆ ಅಂಥದ್ದಿಲ್ಲ. ಒಮ್ಮೆ ಪಕ್ಕದಲ್ಲೇ ಅದರ ನೆರಳೊಂದು ಇತ್ತು. ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 2002ರಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಶುರು ಮಾಡಿದ ವಿಮೆ ಸರ್ಕಾರಿ ಆಸ್ಪತ್ರೆ ಸೇರಿದ ಬಡವರಿಗೆ ಔಷಧಿಗೆ ದಿನಕ್ಕೆ 50, ತಪ್ಪಿದ ಕೂಲಿಗೆ ದಿನಕ್ಕೆ 50 ರೂಪಾಯಿ ಕೊಡುತ್ತಿತ್ತು. ಅದೂ ಎಣಿಸುತ್ತಿದ್ದದ್ದು ಆಸ್ಪತ್ರೆಯ ದಿನಗಳನ್ನೇ. ಆದರೆ ಕೂಲಿಗೆಂದು ಬೇರೆ ಸಾಲು ಬರೆದದ್ದು ಸಣ್ಣ ಸಂಗತಿಯಲ್ಲ.

ಇನ್ನು ವಿಮೆ ಬಿಟ್ಟು ನಮ್ಮ ಕೈಯಲ್ಲೇ ಇರುವ ಸಂಗತಿಗಳು. ಮೊದಲು ಬೀಡಿ. ಭಾವ ರಿಂಗಿನ ಕಾಲು ಚಾಚಿಕೊಂಡೇ ಸೇದುತ್ತಿದ್ದ. ತಂಬಾಕು ಮೂಳೆ ಕೂಡುವುದನ್ನು ನಿಧಾನ ಮಾಡುತ್ತದೆ, ಸೋಂಕಿನ ಅಪಾಯ ಹೆಚ್ಚಿಸುತ್ತದೆ, ಇದು ಮೂಳೆ ವೈದ್ಯರೆಲ್ಲ ಒಪ್ಪುವ ಮಾತು. ಕಟ್ಟಿನ ಬೆಲೆ ನೋಡಿ ಅಗ್ಗ ಎನ್ನುವವರು ಒಂದು ತಿಂಗಳು ತಡವಾಗಿ ಬಿಚ್ಚುವ ರಿಂಗಿನ ಬೆಲೆ ಹಾಕಬೇಕು. ಸಕ್ಕರೆ ಕಾಯಿಲೆ ಇದ್ದವರು ಸಕ್ಕರೆ ಹಿಡಿತದಲ್ಲಿಡಬೇಕು. ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಔಷಧಿ ಬಿಲ್ಲು ಒಂದೇ ಚೀಲದಲ್ಲಿರಬೇಕು. ಎರಡನೇ ಆಪರೇಷನ್ ತುರ್ತಲ್ಲವೆಂದು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾದಾಗ ಅಕ್ಕನ ಕೈಹಿಡಿದದ್ದು ಆ ಚೀಲವೇ. ಗಂಡಸರಿಗೆ ಇದನ್ನು ಹೇಳಿದರೆ “ನೋಡ್ಕಳವ ಬುಡು” ಎನ್ನುತ್ತಾರೆ.

ಸಂಘದ ಸಾಲದ ಕಂತು ಇನ್ನೊಂದು ಕಥೆ. ಅದು ವಾರಕ್ಕೊಮ್ಮೆ ಬರುತ್ತದೆ, ಕಾಲು ಮುರಿದ ವಾರವೂ ಬರುತ್ತದೆ. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಹೋದವರ ಸುದ್ದಿ ಬಂತು, ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದು ತಡೆಯಹೊರಟದ್ದು ದಬ್ಬಾಳಿಕೆಯ ವಸೂಲಿಯನ್ನು, ಕಂತನ್ನಲ್ಲ. ಅಕ್ಕ ಸರ ಅಡವಿಟ್ಟದ್ದು ಅರ್ಧ ಕಂತಿಗಾಗಿಯೇ.

ಈಗ ಭಾವ ಸ್ವಲ್ಪ ಕುಂಟುತ್ತ ಹುಳುಮನೆಗೆ ಹೋಗಿಬರುತ್ತಾನೆ. ಹಾಸ್ಪಿಟಲ್ ಕ್ಯಾಶ್ ನಿಲ್ಲಿಸಿ ಆಗಿದೆ. ವಾರದ ಹಣ ಕೊಡುವ ಅಪಘಾತ ವಿಮೆಯನ್ನು ಇಬ್ಬರಿಗೂ ಮಾಡಿಸೋಣವೆಂದು ಫಾರಂ ತಂದರೆ ಹೊಸ ತಕರಾರು. ಉದ್ಯೋಗ ಎಂಬಲ್ಲಿ ಏಜೆಂಟ್ ಅಕ್ಕನಿಗೆ ‘ಗೃಹಿಣಿ’ ಎಂದು ಬರೆದ. ಗೃಹಿಣಿಗೆ ಸಂಪಾದನೆ ಇಲ್ಲ, ಸಂಪಾದನೆ ಇಲ್ಲದವರಿಗೆ ವಾರದ ನಷ್ಟವೂ ಇಲ್ಲ ಎಂಬುದು ಅವನ ವಾದ. ಆಳು ಇಟ್ಟು ಒಂದಿಡೀ ಬೆಳೆ ಎಬ್ಬಿಸಿ, ದಿನಕ್ಕೆ ನಾಲ್ಕು ಸಲ ನಟ್ಟು ತಿರುಗಿಸಿದವಳು ಅವಳು. ಆದರೆ ಪಹಣಿ ಭಾವನ ಹೆಸರಿನಲ್ಲಿದೆ, ಗೂಡು ಮಾರಿದ ಚೀಟಿಗಳೂ ಅವನ ಹೆಸರಿನಲ್ಲೇ ಇವೆ. ಬರುವ ಬೆಳೆಯ ಗೂಡನ್ನು ಅಕ್ಕನ ಹೆಸರಿನಲ್ಲಿ ಮಾರಿ ಚೀಟಿ ಪಡೆಯಲು ಯಾವ ಕಾಗದ ಬೇಕೆಂದು ಕೇಳಲು ಇಬ್ಬರೂ ಸೋಮವಾರ ಕೊಳ್ಳೇಗಾಲಕ್ಕೆ ಹೋಗುತ್ತಿದ್ದಾರೆ. ಫಾರಂ ಇನ್ನೂ ಸಹಿಯಿಲ್ಲದೆ ಅಕ್ಕನ ಚೀಲದಲ್ಲಿದೆ.