ಹೊಗೆಯ ದಾರಿಯೂ ಎಂಜಿನ್ನಿನ ಬಲವೂ

ಮಜ್ದಾ ಸಂಸ್ಥೆಯು 1989ರಲ್ಲಿ ಹೊರತಂದ ಎಂ.ಎಕ್ಸ್.-5 ಎಂಬ ಎರಡು ಆಸನಗಳ ಪುಟ್ಟ ಕಾರಿಗೆ, ಅನ್ಯ ತಯಾರಕರ ‘ಹೆಡರ್’ ಎಂಬ ಹೊಗೆ ಕೊಳವೆಗಳ ಗೊಂಚಲನ್ನು ಜೋಡಿಸುವ ಹವ್ಯಾಸಿಗಳುಂಟು. ಕೊಳವೆ ಬದಲಿಸಿದ ಮಾತ್ರಕ್ಕೆ ಎಂಜಿನ್ನಿನ ಬಲ ಹೆಚ್ಚುವುದೇ? ವಿಚಾರಿಸೋಣ.

ಇದರ ನಾಲ್ಕು ಸಿಲಿಂಡರುಗಳು 1-3-4-2 ಎಂಬ ಸರದಿಯಲ್ಲಿ ಉರಿಯುತ್ತವೆ. ಕ್ರ್ಯಾಂಕ್ ದಂಡದ ಪ್ರತಿ ಅರ್ಧ ಸುತ್ತಿಗೂ ಒಂದೊಂದು ಸಿಲಿಂಡರು ಹೊಗೆಯನ್ನು ಹೊರದೂಡುತ್ತದೆ. ನಿಮಿಷಕ್ಕೆ 6000 ಸುತ್ತುಗಳಾದಾಗ ಸೆಕೆಂಡಿಗೆ 200 ಹೊಡೆತಗಳು! ಒಂದರ ಬೆನ್ನಿಗೇ ಉರಿಯುವ ಇನ್ನೊಂದನ್ನು ಅದೇ ಗಿಡ್ಡ ಕೊಳವೆಗೆ ಕೂಡಿಸಿದರೆ ಹೊಸ ಹೊಡೆತವು ಹಿಂದಿನದರ ತೆರೆದ ಕವಾಟಕ್ಕೆ ಅಪ್ಪಳಿಸುತ್ತದೆ. ಆದುದರಿಂದ 1ನ್ನು 4ರೊಡನೆ, 2ನ್ನು 3ರೊಡನೆ ಜೊತೆಗೂಡಿಸಿ, ಬಳಿಕ ಎರಡನ್ನೂ ಒಂದಾಗಿಸುವುದುಂಟು. ಜೊತೆಗಾರರ ನಡುವೆ ಆಗ ಒಂದು ಪೂರ್ಣ ಸುತ್ತಿನ ಬಿಡುವು ದೊರೆಯುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಒತ್ತಡದ ಅಲೆಯು ಕೊಳವೆಗಳು ಕೂಡುವ ವಿಶಾಲವಾದ ಎಡೆಯನ್ನು ಮುಟ್ಟಿದೊಡನೆ ಅದರ ಒಂದಂಶವು ಕಡಿಮೆ ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ. ಕವಾಟ ಮುಚ್ಚುವ ಮುನ್ನ ತಲುಪಿದರೆ ಅಳಿದುಳಿದ ಹೊಗೆಯನ್ನು ಹೀರಿಕೊಳ್ಳುತ್ತದೆ. ಆದರೆ ಕೊಳವೆಯ ಉದ್ದವು ಬದಲಾಗದು. ಲಾಭವು ಕೆಲವು ವೇಗಗಳಿಗಷ್ಟೇ ಸೀಮಿತ. ಜಾಹೀರಾತುಗಳು ಇದನ್ನು ಹೇಳುವುದು ವಿರಳ.

ಜೋಡಣೆಯಲ್ಲಿ ಮುಖ್ಯವಾದುದು ಬಿಗಿತ. ಎಂಜಿನ್ನು ತಣಿದ ಮೇಲೆ ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಕೆರೆದು, ಹೊಸತನ್ನಿಟ್ಟು, ನಟ್ಟುಗಳನ್ನು ನಡುವಿನಿಂದ ಅಂಚುಗಳ ಕಡೆಗೆ ಹಂತಹಂತವಾಗಿ ಬಿಗಿಯಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಹೊಡೆತಗಳ ನಡುವೆ ಹೊರಗಾಳಿ ಒಳನುಗ್ಗೀತು. ಆಮ್ಲಜನಕವನ್ನು ಅಳೆಯುವ ಸೆನ್ಸರು ಮೋಸಹೋಗಿ, ಪೆಟ್ರೋಲು ಸಾಲದೆಂದು ವರದಿ ಮಾಡುತ್ತದೆ. ಎಂಜಿನ್ನಿಗೆ ವೃಥಾ ಪೆಟ್ರೋಲು ಸುರಿಯುತ್ತದೆ. ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರು ಕಾದು ಕೆಡಬಹುದು. ತಣ್ಣಗಿನ ಎಂಜಿನ್ನನ್ನು ಚಾಲೂ ಮಾಡಿದಾಗ ಟಿಕ್‌ಟಿಕ್ ಸದ್ದು ಕೇಳಿಬಂದರೆ ಮೊದಲು ಆ ಸಂದನ್ನೇ ಹುಡುಕತಕ್ಕದ್ದು.