ಡೀಲರ್ ಬೋರ್ಡಿನ ಮೇಲೆ ಯಾವ ಹೆಸರು? ವ್ಯಾಪಾರ ಪಾಲುದಾರರ ಶ್ರೇಣಿಗೆ ಹಂತ ಹಂತವಾಗಿ ಹೆಸರಿಡುವ ಬಗೆ

ಸಣ್ಣ ಕಂಪನಿಗೆ ಹತ್ತು ಹದಿನೈದು ಡೀಲರ್‌ಗಳಾಗುವವರೆಗೆ ಶ್ರೇಣಿಯ ಮಾತೇ ಏಳುವುದಿಲ್ಲ. ಆಮೇಲೆ ಏಳುತ್ತದೆ. ಒಬ್ಬರು ವರ್ಷಕ್ಕೆ ನಾಲ್ಕು ಯಂತ್ರ ಮಾರಿ ಸುಮ್ಮನಾಗುತ್ತಾರೆ. ಇನ್ನೊಬ್ಬರು ಅಂಗಡಿಯಲ್ಲೇ ಮೆಕ್ಯಾನಿಕ್ ಇಟ್ಟುಕೊಂಡು, ರಾತ್ರಿ ಫೋನ್ ಬಂದರೂ ತೋಟಕ್ಕೆ ಕಳಿಸುತ್ತಾರೆ. ಇಬ್ಬರಿಗೂ ಒಂದೇ ಬೋರ್ಡು, ಒಂದೇ ಕಮಿಷನ್ ಎಂದರೆ ದುಡಿಯುವವರಿಗೆ ಬೇಸರವಾಗದೆ ಇರುತ್ತದೆಯೇ? ಆಗ ಮಾಲೀಕರು ಒಂದು ಸಂಜೆ ಕೂತು ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಬರೆದುಬಿಡುತ್ತಾರೆ. ಯಾರಿಗೆ ಯಾವುದು, ಯಾಕೆ ಎನ್ನುವುದು ಆಮೇಲಿನ ಯೋಚನೆ.

ಈ ಕ್ರಮವನ್ನೇ ತಿರುಗಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶ್ರೇಣಿಯ ಹೆಸರು ಡೀಲರ್‌ಗೆ ಕೊಡುವ ಪದಕವಲ್ಲ. ಅದನ್ನು ಓದುವವನು ಅಂಗಡಿಯ ಮುಂದೆ ನಿಂತ ಗಿರಾಕಿ. ಅವನಿಗೆ ಅದರಿಂದ ಏನಾದರೂ ತಿಳಿಯಬೇಕು.

ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. ಶಿವಮೊಗ್ಗದಲ್ಲಿ ಅಡಿಕೆ ಸುಲಿಯುವ ಯಂತ್ರ ಮಾಡುತ್ತದೆ. ಸಾಗರ, ತೀರ್ಥಹಳ್ಳಿ, ಶಿರಸಿ, ಚನ್ನಗಿರಿಗಳಲ್ಲಿ ಅದರ ಡೀಲರ್‌ಗಳಿದ್ದಾರೆ. ಮುಂದಿನ ಹಂತಗಳನ್ನೆಲ್ಲ ಈ ಕಂಪನಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಹಂತ 1: ಹೆಸರು ಬಿಡಿ, ಮೊದಲು ವ್ಯತ್ಯಾಸ ಬರೆಯಿರಿ

ಒಂದು ಹಾಳೆಯಲ್ಲಿ ಪ್ರತಿ ಡೀಲರ್‌ನ ಎದುರು ಅವರು ನಿಜವಾಗಿ ಮಾಡುವ ಕೆಲಸವನ್ನು ಬರೆಯಿರಿ. ಯಂತ್ರ ಮಾರುತ್ತಾರೆಯೇ? ರಿಪೇರಿಯವರು ಇದ್ದಾರೆಯೇ? ಬ್ಲೇಡು, ಬೆಲ್ಟು, ಬೇರಿಂಗ್ ಸ್ಟಾಕ್ ಇಡುತ್ತಾರೆಯೇ? ಬೇರೆ ಡೀಲರ್‌ಗಳ ಹುಡುಗರಿಗೆ ಕೆಲಸ ಕಲಿಸುತ್ತಾರೆಯೇ?

ನಂತರ ಗಿರಾಕಿಯ ಕಡೆಯಿಂದ ನೋಡಿ. ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ. ಸುಲಿಯಬೇಕು, ಬೇಯಿಸಬೇಕು, ಒಣಹಾಕಬೇಕು. ಕೊಯ್ಲಿನ ನಡುವೆ ಯಂತ್ರ ನಿಂತರೆ ರೈತನಿಗೆ ಬೇಕಾಗುವುದು ಒಂದೇ ಉತ್ತರ: ಇವತ್ತೇ ಸರಿಮಾಡುವವರು ಯಾರು? ಡೀಲರ್ ಕಳೆದ ವರ್ಷ ಎಷ್ಟು ಯಂತ್ರ ಮಾರಿದ ಎಂಬುದು ಆ ಹೊತ್ತಿನಲ್ಲಿ ಅವನಿಗೆ ಬೇಕಿಲ್ಲ.

ಹೀಗಾಗಿ ಮಾರಾಟದ ಮೊತ್ತವನ್ನು ಕಮಿಷನ್ ಸ್ಲ್ಯಾಬಿಗೆ ಬಿಡಿ. ಅದು ನಿಮಗೂ ಡೀಲರ್‌ಗೂ ನಡುವಿನ ಲೆಕ್ಕ. ಬೋರ್ಡಿನ ಮೇಲೆ ಬರುವ ಶ್ರೇಣಿಯನ್ನು ಗಿರಾಕಿಗೆ ಉಪಯೋಗವಾಗುವ ಅಳತೆಯಿಂದ ಮಾಡಿ. ಎರಡನ್ನೂ ಕಲಸಿದರೆ, ಹೆಚ್ಚು ಮಾರಿ ಒಂದೂ ರಿಪೇರಿ ಮಾಡದ ಅಂಗಡಿಗೆ ಎಲ್ಲಕ್ಕಿಂತ ದೊಡ್ಡ ಹೆಸರು ಸಿಗುತ್ತದೆ. ಬೈಸಿಕೊಳ್ಳುವುದು ಮಾತ್ರ ಕಂಪನಿ.

ಹಂತ 2: ಮೆಟ್ಟಿಲು ಕಡಿಮೆ ಇರಲಿ

ಶುರುವಿಗೆ ಮೂರು ಸಾಕು, ಎರಡಾದರೂ ಸರಿಯೇ. ಗೂಗಲ್ ತನ್ನ ಜಾಹೀರಾತು ಏಜೆನ್ಸಿಗಳಿಗೆ ‘ಪಾರ್ಟ್‌ನರ್’, ‘ಪ್ರೀಮಿಯರ್ ಪಾರ್ಟ್‌ನರ್’ ಎಂಬ ಎರಡೇ ದರ್ಜೆ ಇಟ್ಟುಕೊಂಡಿದೆ. ಕೇಂದ್ರ ಸರ್ಕಾರ ಸಣ್ಣ ಕೈಗಾರಿಕೆಗಳಿಗೆ ಕೊಡುವ ಝೆಡ್ ಪ್ರಮಾಣಪತ್ರದಲ್ಲಿ ಮೊದಲು ಐದು ಮಟ್ಟಗಳಿದ್ದವು. 2022ರಲ್ಲಿ ಹೊಸ ರೂಪ ಬಂದಾಗ ಕಂಚು, ಬೆಳ್ಳಿ, ಚಿನ್ನ ಎಂದು ಮೂರಕ್ಕೆ ಇಳಿಸಿದರು. ಎರಡು ಮೆಟ್ಟಿಲಿನ ನಡುವಿನ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಅವು ಎರಡಲ್ಲ, ಒಂದೇ.

ಹಂತ 3: ಯಾವುದು ಮೇಲೆ, ಯಾವುದು ಕೆಳಗೆ? ಹೆಸರೇ ಹೇಳಬೇಕು

ಹೆಚ್ಚಿನ ಶ್ರೇಣಿಗಳು ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಕಂಚು, ಬೆಳ್ಳಿ, ಚಿನ್ನದವರೆಗೆ ಗೊಂದಲವಿಲ್ಲ, ಒಲಿಂಪಿಕ್ಸ್ ನೋಡಿದ ಮಗುವಿಗೂ ಗೊತ್ತು. ಚಿನ್ನ ದಾಟಿದ ಮೇಲೆ ದಾರಿ ತಪ್ಪುತ್ತದೆ. ವಜ್ರ ದೊಡ್ಡದೋ, ಪ್ಲಾಟಿನಂ ದೊಡ್ಡದೋ? ಹಳೆಯ ಝೆಡ್ ಯೋಜನೆಯಲ್ಲಿ ಡೈಮಂಡ್ ಆದಮೇಲೆ ಪ್ಲಾಟಿನಂ ಬರುತ್ತಿತ್ತು. ಹಬ್‌ಸ್ಪಾಟ್ ಎಂಬ ಸಾಫ್ಟ್‌ವೇರ್ ಕಂಪನಿಯ ಪಾಲುದಾರರಲ್ಲಿ ಪ್ಲಾಟಿನಂ ಕೆಳಗೆ, ಡೈಮಂಡ್ ಮೇಲೆ, ಅದಕ್ಕೂ ಮೇಲೆ ಎಲೀಟ್. ಅವೇ ಎರಡು ಹೆಸರು, ಕ್ರಮ ಮಾತ್ರ ಉಲ್ಟಾ. ಎರಡನ್ನೂ ಕಂಡವನು ನಿಮ್ಮ ಬೋರ್ಡು ನೋಡಿ ಊಹಿಸಬೇಕಷ್ಟೆ.

ನಮ್ಮಲ್ಲಿ ಸಂಸ್ಥೆಗಳ ಉತ್ಸವಗಳಿಗೆ ಒಂದು ಏಣಿ ಇದೆ: 25ಕ್ಕೆ ರಜತ, 50ಕ್ಕೆ ಸುವರ್ಣ, 60ಕ್ಕೆ ವಜ್ರ, 75ಕ್ಕೆ ಅಮೃತ ಮಹೋತ್ಸವ. ಕನ್ನಡದಲ್ಲೇ ಹೆಸರಿಡಬೇಕೆಂದರೆ ರಜತ, ಸುವರ್ಣ, ವಜ್ರ ಒಳ್ಳೆಯ ಆಯ್ಕೆ. ಕ್ರಮವನ್ನು ಯಾರಿಗೂ ಕಲಿಸಬೇಕಾಗಿಲ್ಲ. ಮುತ್ತು, ಹವಳ, ಪಚ್ಚೆ ಎಂದು ಹೊರಟರೆ ಚೆಂದವೇನೋ ಹೌದು, ಆದರೆ ಏಣಿ ಕಾಣುವುದಿಲ್ಲ.

ಸೇಲ್ಸ್‌ಫೋರ್ಸ್ ಕಂಪನಿ ಒಮ್ಮೆ ಲೋಹಗಳನ್ನು ಬಿಟ್ಟು ಬೆಟ್ಟ ಹತ್ತಿತು: ಬೇಸ್, ರಿಜ್, ಕ್ರೆಸ್ಟ್, ಸಮಿಟ್. ಬುಡವೂ ತುದಿಯೂ ತಿಳಿಯುತ್ತವೆ. ನಡುವಿನ ರಿಜ್, ಕ್ರೆಸ್ಟ್‌ಗಳಲ್ಲಿ ಯಾವುದು ಎತ್ತರ ಎಂದು ಚನ್ನಗಿರಿಯ ಅಂಗಡಿಯಲ್ಲಿ ಕೇಳಿದರೆ ಯಾರು ಹೇಳುತ್ತಾರೆ? ಒಂದೇ ಲೋಕದಿಂದ ಹೆಸರುಗಳನ್ನು ಎತ್ತಿಕೊಂಡರೆ ಸಾಲದು, ಆ ಲೋಕದ ಮೇಲು ಕೆಳಗು ನಿಮ್ಮ ಗಿರಾಕಿಗೆ ಮೊದಲೇ ಗೊತ್ತಿರಬೇಕು.

ಅಂಕಿಗಳು ಸುಲಭ ಎನಿಸಬಹುದು. ಅಲ್ಲೂ ಒಂದು ತೊಡಕಿದೆ. ಪಿಡಬ್ಲ್ಯುಡಿಯಲ್ಲಿ ಕ್ಲಾಸ್ ಒನ್ ಕಂಟ್ರಾಕ್ಟರ್ ಎಂದರೆ ಎಲ್ಲರಿಗಿಂತ ಮೇಲಿನವನು. ಫ್ರಿಜ್ಜಿನ ಮೇಲೆ ಒಂದು ಸ್ಟಾರ್ ಇದ್ದರೆ ಎಲ್ಲಕ್ಕಿಂತ ಕೆಳಗಿನದು. ‘ಲೆವೆಲ್ 1 ಡೀಲರ್’ ಎಂದು ಬರೆದರೆ ಅರ್ಧ ಜನ ಹೀಗೆ, ಅರ್ಧ ಜನ ಹಾಗೆ ಓದುತ್ತಾರೆ. ಅಂಕಿ ಬೇಕೇ ಬೇಕೆಂದರೆ ಸ್ಟಾರ್ ಅಥವಾ ಕ್ಲಾಸ್ ಜೊತೆಯಲ್ಲಿರಲಿ.

ಕ್ರಮ ಕಾಣದ ಹೆಸರೂ ನಿಲ್ಲುತ್ತದಲ್ಲ ಎಂದು ನೀವು ಕೇಳಬಹುದು. ಕೆಎಸ್‌ಆರ್‌ಟಿಸಿ ಬಸ್ಸುಗಳನ್ನೇ ನೋಡಿ: ರಾಜಹಂಸ, ಐರಾವತ, ಅಂಬಾರಿ, ಈಚೆಗೆ ಬಂದ ಪಲ್ಲಕ್ಕಿ, ಅಶ್ವಮೇಧ. ಹಂಸ ಹೆಚ್ಚೋ ಆನೆ ಹೆಚ್ಚೋ ಎಂದು ಹೆಸರಿನಿಂದ ಹೇಳಲಾಗದು. ಜನ ಓಡಾಡಿ ಕಲಿತರು. ಶಿವಮೊಗ್ಗ ಮಾರುಕಟ್ಟೆಯ ಅಡಿಕೆಯೂ ಹಾಗೆಯೇ. ಸರಕು, ಬೆಟ್ಟೆ, ರಾಶಿ, ಗೊರಬಲು. ಹೊರಗಿನವರಿಗೆ ಏನೂ ಅರ್ಥವಾಗದ ಈ ನಾಲ್ಕು ಹೆಸರನ್ನು ಮಲೆನಾಡಿನ ಬೆಳೆಗಾರರು ನಿದ್ದೆಯಲ್ಲೂ ಸರಿಯಾದ ಕ್ರಮದಲ್ಲಿ ಹೇಳುತ್ತಾರೆ, ಏಕೆಂದರೆ ಧಾರಣೆ ಪಟ್ಟಿ ಅವರ ಕಣ್ಣಮುಂದೆ ಮತ್ತೆ ಮತ್ತೆ ಬರುತ್ತದೆ. ಹೊಸ ಕಂಪನಿಗೆ ಅಂಥ ಪಟ್ಟಿಯಿಲ್ಲ, ಅಷ್ಟು ಕಾಲವೂ ಇಲ್ಲ.

ಚೆನ್ನಾಗಿ ಮಾಡಿದವರೂ ಇದ್ದಾರೆ. ಎಲ್ಐಸಿ ತನ್ನ ಏಜೆಂಟರಿಗೆ ಇಟ್ಟಿರುವ ಕ್ಲಬ್‌ಗಳಲ್ಲಿ ಬ್ರಾಂಚ್ ಮ್ಯಾನೇಜರ್ಸ್ ಕ್ಲಬ್, ಡಿವಿಷನಲ್ ಮ್ಯಾನೇಜರ್ಸ್ ಕ್ಲಬ್, ಝೋನಲ್ ಮ್ಯಾನೇಜರ್ಸ್ ಕ್ಲಬ್, ಚೇರ್ಮನ್ಸ್ ಕ್ಲಬ್ ಎಂಬ ಏರಿಕೆ ಇದೆ. ಶಾಖೆಗಿಂತ ವಿಭಾಗ ದೊಡ್ಡದು, ವಿಭಾಗಕ್ಕಿಂತ ವಲಯ, ಎಲ್ಲರ ಮೇಲೆ ಚೇರ್ಮನ್. ಪಾಲಿಸಿ ಮಾಡಿಸುವ ಹಳ್ಳಿಯ ಮೇಷ್ಟರಿಗೂ ಕೇಳಿದ ಕ್ಷಣ ಹೊಳೆಯುತ್ತದೆ. ಅದೇ ವಿಮಾ ಲೋಕದ ಅಂತರರಾಷ್ಟ್ರೀಯ ಸಂಘ ಎಂಡಿಆರ್‌ಟಿಯನ್ನು ಪಕ್ಕದಲ್ಲಿಡಿ: ಅದರ ಸದಸ್ಯತ್ವಕ್ಕೆ ಬೇಕಾದ ವ್ಯವಹಾರದ ಮೂರು ಪಟ್ಟಿಗೆ ಕೋರ್ಟ್ ಆಫ್ ದಿ ಟೇಬಲ್, ಆರು ಪಟ್ಟಿಗೆ ಟಾಪ್ ಆಫ್ ದಿ ಟೇಬಲ್. ಟಾಪ್ ಏನೋ ಗೊತ್ತಾಗುತ್ತದೆ, ಕೋರ್ಟ್ ಏನೆಂದು ಏಜೆಂಟರೇ ವಿವರಿಸಬೇಕು.

ಹಂತ 4: ಕೆಲಸವನ್ನೇ ಹೆಸರು ಮಾಡಿ ನೋಡಿ

ಲೋಹ, ನಕ್ಷತ್ರ ಎಲ್ಲ ಬಿಟ್ಟು ಮೊದಲ ಹಂತದ ಹಾಳೆಗೆ ಹಿಂತಿರುಗಿ. ನಮ್ಮ ಅಡಿಕೆ ಯಂತ್ರದ ಕಂಪನಿಗೆ ಅಲ್ಲೇ ಹೆಸರು ಸಿದ್ಧವಾಗಿದೆ: ‘ಮಾರಾಟ ಡೀಲರ್’, ‘ಮಾರಾಟ ಮತ್ತು ಸರ್ವಿಸ್ ಡೀಲರ್’, ‘ಮುಖ್ಯ ಸರ್ವಿಸ್ ಕೇಂದ್ರ’. ಮಿಂಚು ಕಡಿಮೆ, ಒಪ್ಪುತ್ತೇನೆ. ಆದರೆ ಬೆಲ್ಟು ಹರಿದ ಯಂತ್ರವನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಬಂದವನು ಯಾವ ಅಂಗಡಿಯ ಮುಂದೆ ನಿಲ್ಲಿಸಬೇಕೆಂದು ಬೋರ್ಡು ನೋಡಿಯೇ ತಿಳಿಯುತ್ತಾನೆ.

ದೊಡ್ಡವರೂ ಇದೇ ದಾರಿಗೆ ಬಂದಿದ್ದಾರೆ. ಮೈಕ್ರೋಸಾಫ್ಟ್ ತನ್ನ ಹೆಸರುವಾಸಿಯಾದ ಸಿಲ್ವರ್, ಗೋಲ್ಡ್ ದರ್ಜೆಗಳನ್ನು 2022ರ ಅಕ್ಟೋಬರಿನಲ್ಲಿ ಕೈಬಿಟ್ಟು, ಪಾಲುದಾರನಿಗೆ ಯಾವ ಕ್ಷೇತ್ರದಲ್ಲಿ ಪರಿಣತಿ ಎಂಬುದನ್ನು ಮುಂದಿಡುವ ಹೆಸರುಗಳನ್ನು ತಂದಿತು: ಸೆಕ್ಯುರಿಟಿ, ಡೇಟಾ, ಬಿಸಿನೆಸ್ ಅಪ್ಲಿಕೇಷನ್ಸ್ ಹೀಗೆ ಆರು. ಗೋಲ್ಡ್ ಎಂದರೆ ಯಾವುದರಲ್ಲಿ ಗೋಲ್ಡ್ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ.

ಕೆಲಸದ ಹೆಸರೂ ಬೇಕು, ಗೌರವದ ಹೆಸರೂ ಬೇಕು ಎನ್ನುವ ಡೀಲರ್‌ಗಳಿರುತ್ತಾರೆ. ಅವರಿಗೆ ವಾರ್ಷಿಕ ಸಭೆಯಲ್ಲಿ ಪ್ರಶಸ್ತಿ ಕೊಡಿ, ಫಲಕ ಕೊಡಿ, ಶಾಲು ಹೊದಿಸಿ. ಶ್ರೇಣಿಯ ಹೆಸರಿಗೆ ಆ ಭಾರ ಹೊರಿಸಬೇಡಿ.

ಕೆಳಗಿನ ಮೆಟ್ಟಿಲಿನ ಹೆಸರಿಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಿ. ಹೊಸಬರೆಲ್ಲ ಅಲ್ಲೇ ಇರುತ್ತಾರೆ. ‘ಬೇಸಿಕ್’, ‘ಸಾಮಾನ್ಯ’, ‘ಸಬ್ ಡೀಲರ್’ ಎಂಬ ಬೋರ್ಡನ್ನು ಯಾರೂ ಖುಷಿಯಿಂದ ತಗುಲಿಸಿಕೊಳ್ಳುವುದಿಲ್ಲ. ಏರ್ ಇಂಡಿಯಾದ ಪ್ರಯಾಣಿಕರ ಯೋಜನೆಯಲ್ಲಿ ಮೊದಲ ದರ್ಜೆ ಹಿಂದೆ ‘ಬೇಸ್’ ಆಗಿತ್ತು. 2024ರಲ್ಲಿ ಅದು ‘ರೆಡ್’ ಆಯಿತು, ಮೇಲೆ ಸಿಲ್ವರ್, ಗೋಲ್ಡ್, ಪ್ಲಾಟಿನಂ. ಬಣ್ಣದಿಂದ ಲೋಹಕ್ಕೆ ಜಿಗಿಯುವುದು ನನಗೆ ಹಿಡಿಸದು, ಆದರೂ ಬುಡದಲ್ಲಿರುವವನನ್ನು ಬುಡ ಎಂದು ಕರೆಯುವುದು ನಿಂತಿತಲ್ಲ, ಅದು ಸರಿ. ‘ಮಾರಾಟ ಡೀಲರ್’ ಎಂಬ ಹೆಸರಿನಲ್ಲಿ ಕೀಳೂ ಇಲ್ಲ, ಸುಳ್ಳೂ ಇಲ್ಲ.

ಹಂತ 5: ಕಾನೂನಿನ ಕಡೆಗೊಮ್ಮೆ ಕಣ್ಣು ಹಾಯಿಸಿ

‘ಪಾರ್ಟ್‌ನರ್’, ‘ಪಾಲುದಾರ’ ಎಂಬ ಪದಕ್ಕೆ ನಮ್ಮಲ್ಲಿ ಕಾನೂನಿನ ಅರ್ಥವಿದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಪಾಲುದಾರ ಎಂದರೆ ಲಾಭ ಹಂಚಿಕೊಳ್ಳುವವನು, ಸಂಸ್ಥೆಯ ಹೊಣೆಯನ್ನೂ ಹೊರುವವನು. ಅದರ 28ನೇ ಸೆಕ್ಷನ್ ಪ್ರಕಾರ, ಪಾಲುದಾರನಲ್ಲದವನೂ ತಾನು ಪಾಲುದಾರ ಎಂದು ತೋರಿಸಿಕೊಂಡರೆ, ಅಥವಾ ಬೇರೆಯವರು ಹಾಗೆ ತೋರಿಸುವುದನ್ನು ತಿಳಿದೂ ಸುಮ್ಮನಿದ್ದರೆ, ಅದನ್ನು ನಂಬಿ ಸಾಲ ಕೊಟ್ಟವನಿಗೆ ಉತ್ತರ ಹೇಳಬೇಕಾಗುತ್ತದೆ. ಹಾಗಾಗಿ ಹೆಸರಿನಲ್ಲಿ ಪಾಲುದಾರ ಎಂಬ ಪದ ಇಟ್ಟುಕೊಂಡರೆ, ಇದು ವ್ಯಾಪಾರ ಸಂಬಂಧ ಮಾತ್ರ, 1932ರ ಕಾಯ್ದೆಯ ಪಾಲುದಾರಿಕೆ ಅಲ್ಲ ಎಂಬ ಸಾಲು ಒಪ್ಪಂದದಲ್ಲಿ ಇರಲೇಬೇಕು. ವಕೀಲರ ಹತ್ತಿರ ಒಮ್ಮೆ ಓದಿಸಿ. ಡೀಲರ್, ಕೇಂದ್ರ ಎಂಬ ಪದಗಳನ್ನು ನಾನು ಮೆಚ್ಚುವುದಕ್ಕೆ ಇದೂ ಒಂದು ಕಾರಣ.

‘ಸರ್ಟಿಫೈಡ್’ ಎಂಬ ಪದವನ್ನು ನಿಜವಾಗಿ ಪರೀಕ್ಷೆಯೋ ತರಬೇತಿಯೋ ಇದ್ದರೆ ಮಾತ್ರ ಬಳಸಿ. ಇನ್ನು ಡೈಮಂಡ್, ಕ್ರೌನ್ ಬಗ್ಗೆ: ನೇರ ಮಾರಾಟದ ಜಾಲಗಳಲ್ಲಿ ಈ ಹೆಸರುಗಳು ಸಾಕಷ್ಟು ಓಡಾಡಿವೆ. ನಮ್ಮ ಊರುಗಳಲ್ಲಿ ‘ಡೈಮಂಡ್ ಆಗಿದ್ದೇನೆ’ ಎಂದು ಯಾರಾದರೂ ಅಂದರೆ, ನನ್ನನ್ನೂ ಸೇರಿಸಲು ಬಂದಿದ್ದಾರೆ ಎಂದು ಕೇಳಿದವರು ಹಿಂದೆ ಸರಿಯುತ್ತಾರೆ. ಯಂತ್ರ ಮಾರುವವರಿಗೆ ಆ ನೆರಳು ಬೇಡ.

ಹಂತ 6: ಬಾಯಲ್ಲಿ ಆಡಿಸಿ ನೋಡಿ

ಹೆಸರುಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು, ಕಲಸಿ, ನಿಮ್ಮ ಯೋಜನೆಯ ಗಂಧವೇ ಇಲ್ಲದ ನಾಲ್ಕೈದು ಜನರ ಕೈಗೆ ಕೊಡಿ. ಮೇಲಿನಿಂದ ಕೆಳಗೆ ಜೋಡಿಸಲು ಹೇಳಿ, ಆಮೇಲೆ ಒಂದೊಂದು ಚೀಟಿ ತೋರಿಸಿ ‘ಇವರು ಏನು ಮಾಡಿಕೊಡಬಹುದು?’ ಎಂದು ಕೇಳಿ. ಒಬ್ಬ ರೈತ, ಒಬ್ಬ ಮೆಕ್ಯಾನಿಕ್, ನಿಮ್ಮ ಆಫೀಸಿನ ಲೆಕ್ಕ ಬರೆಯುವವರು ಇದ್ದರೆ ಚೆನ್ನ. ಒಬ್ಬರು ತಪ್ಪಿದರೂ ಯಾಕೆ ಎಂದು ಕೇಳಿಕೊಳ್ಳಿ. ವಿವರಿಸಿ ಅವರನ್ನು ಒಪ್ಪಿಸಲು ಹೋಗಬೇಡಿ. ಬೋರ್ಡಿನ ಪಕ್ಕದಲ್ಲಿ ವಿವರಿಸಲು ನೀವು ನಿಂತಿರುವುದಿಲ್ಲ.

ಫೋನಿನಲ್ಲಿ ಹೇಳಿ ನೋಡಿ. ‘ಪ್ರೀಮಿಯಂ’ ಮತ್ತು ‘ಪ್ರೀಮಿಯರ್’ ಎರಡೂ ಒಂದೇ ಶ್ರೇಣಿಯಲ್ಲಿದ್ದರೆ ನೆಟ್‌ವರ್ಕ್ ಸರಿಯಿಲ್ಲದ ಘಟ್ಟದ ಊರಿನಲ್ಲಿ ಎರಡೂ ಒಂದೇ ಆಗಿಬಿಡುತ್ತವೆ.

ಬೋರ್ಡಿನ ಮೇಲೂ ಬರೆಸಿ ನೋಡಿ. 2024ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಅಂಗಡಿ ಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು. ಇಂಗ್ಲಿಷಿನಲ್ಲಿ ಮಾತ್ರ ಚೆಂದ ಕಾಣುವ ಹೆಸರಾದರೆ ದೊಡ್ಡ ಅಕ್ಷರದ ಜಾಗದಲ್ಲಿ ಅದು ಸೊರಗುತ್ತದೆ. ಮೊದಲೇ ಕನ್ನಡದಲ್ಲಿ ಬರೆದು, ರಸ್ತೆಯ ಆಚೆ ಬದಿಯಿಂದ ಓದಿ.

ಹಂತ 7: ಹೆಸರಿಗೆ ಅವಧಿ ಕೊಡಿ

ಮೂರೂ ಹೆಸರು ಒಂದೇ ಪುಟದಲ್ಲಿ ಬರಲಿ: ಹೆಸರು, ಏನಿದ್ದರೆ ಸಿಗುತ್ತದೆ, ಗಿರಾಕಿಗೆ ಏನು ಭರವಸೆ, ಡೀಲರ್‌ಗೆ ಏನು ಲಾಭ. ‘ಮಾರಾಟ ಮತ್ತು ಸರ್ವಿಸ್ ಡೀಲರ್’ ಆಗಲು ಕಂಪನಿಯಲ್ಲಿ ತರಬೇತಿ ಪಡೆದ ಒಬ್ಬ ಮೆಕ್ಯಾನಿಕ್, ಜೊತೆಗೆ ಇಂತಿಷ್ಟು ಬ್ಲೇಡು ಮತ್ತು ಬೆಲ್ಟು ಸ್ಟಾಕ್ ಎಂದು ಬಿಡಿಬಿಡಿಯಾಗಿ ಬರೆಯಿರಿ. ‘ಉತ್ತಮ ಸೇವೆ’ ಎಂಬಂಥ ಅಳೆಯಲಾಗದ ಮಾತು ಬೇಡ, ಜಗಳ ಅಲ್ಲಿಂದಲೇ ಹುಟ್ಟುತ್ತದೆ.

ಮೆಕ್ಯಾನಿಕ್ ಕೆಲಸ ಬಿಟ್ಟು ಹೋದರೆ ಏನು? ಹೊಸಬರನ್ನು ಹುಡುಕಲು ಮೂರು ತಿಂಗಳ ಗಡುವು, ಆಗದಿದ್ದರೆ ಕೆಳಗಿನ ಹೆಸರು, ಬೋರ್ಡು ಬದಲಿಸುವ ಖರ್ಚು ಕಂಪನಿಯದು. ಹೀಗೆ ಮೊದಲೇ ಒಪ್ಪಿಕೊಂಡಿದ್ದರೆ ಇಳಿಕೆಯ ಮಾತು ಅವಮಾನವಾಗುವುದಿಲ್ಲ. ಶ್ರೇಣಿಯ ಹೆಸರನ್ನು ಬೋರ್ಡಿನಲ್ಲಿ ಬೇರೆಯೇ ಪಟ್ಟಿಯಾಗಿ, ಬಿಚ್ಚಿ ಹಾಕುವಂತೆ ಮಾಡಿಸಿ, ಅದರ ಮೂಲೆಯಲ್ಲಿ ಯಾವ ವರ್ಷದ್ದು ಎಂದು ಬರೆಸಿ.

ಮುಂದೆ ಹೆಸರುಗಳನ್ನೇ ಬದಲಿಸಬೇಕಾಗಿ ಬಂದರೆ ಹಳೆಯವರನ್ನು ಒಮ್ಮೆಲೇ ಕೈಬಿಡಬೇಡಿ. ಮೈಕ್ರೋಸಾಫ್ಟ್ ಕೂಡ ಗೋಲ್ಡ್ ಹೆಸರು ತೆಗೆದಾಗ, ಶುಲ್ಕ ಕಟ್ಟಿ ಹಳೆಯ ಸೌಲಭ್ಯಗಳನ್ನು ಕೆಲಕಾಲ ಉಳಿಸಿಕೊಳ್ಳುವ ಅವಕಾಶ ಕೊಟ್ಟಿತ್ತು. ನಮ್ಮ ಅಡಿಕೆ ಯಂತ್ರದವರಿಗಾದರೆ ಹೆಸರು ಬದಲಿಸಲು ಸರಿಯಾದ ಹೊತ್ತು ಮಳೆಗಾಲದ ಶುರು. ಕೊಯ್ಲಿಗೆ ಇನ್ನೂ ತಿಂಗಳುಗಳಿರುತ್ತವೆ, ಡೀಲರ್‌ಗಳಿಗೆ ಬಿಡುವಿರುತ್ತದೆ, ಹೊಸ ಪಟ್ಟಿಗಳು ಅಷ್ಟರಲ್ಲಿ ಎಲ್ಲ ಅಂಗಡಿಗಳನ್ನೂ ತಲುಪುತ್ತವೆ.