ಹತ್ತು ಸಾವಿರ ಹೆಜ್ಜೆ ಆಗಲೇಬೇಕೆ?

ಪ್ರಶ್ನೆ: ನನಗೆ 68 ವರ್ಷ. ಪ್ರೌಢಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಅಮೆರಿಕದಲ್ಲಿರುವ ಮಗ ಊರಿಗೆ ಬಂದಾಗ ನನ್ನ ಫೋನಿಗೆ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಟ್ಟು, ‘ದಿನಕ್ಕೆ ಹತ್ತು ಸಾವಿರ ಆಗಲೇಬೇಕಮ್ಮ’ ಎಂದು ಹೇಳಿಹೋದ. ಬೆಳಿಗ್ಗೆ ಪಾರ್ಕ್ ಸುತ್ತಿ ಬಂದರೂ ನಾಲ್ಕೂವರೆ ಸಾವಿರ ದಾಟುವುದಿಲ್ಲ. ಉಳಿದದ್ದನ್ನು ತುಂಬಿಸಲು ರಾತ್ರಿ ಊಟವಾದ ಮೇಲೆ ಫೋನ್ ಹಿಡಿದು ಹಾಲಿನಲ್ಲೇ ಓಡಾಡುತ್ತೇನೆ. ಮಂಡಿ ಹಿಡಿದುಕೊಳ್ಳುತ್ತದೆ. ಲೆಕ್ಕ ತುಂಬದ ದಿನ, ನನ್ನ ಆಯುಷ್ಯವನ್ನು ನಾನೇ ಕಳೆದುಕೊಳ್ಳುತ್ತಿದ್ದೇನೆ ಅನಿಸಿ ನಿದ್ದೆ ಬರುವುದಿಲ್ಲ. ಮಗ ಕೇಳಿದರೆ ಸುಳ್ಳು ಹೇಳುವಂತಾಗಿದೆ. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ಅಮ್ಮಾ, ರಾತ್ರಿಯ ಆ ಓಡಾಟವನ್ನು ಇವತ್ತೇ ನಿಲ್ಲಿಸಿ. ನೋಯುವ ಮಂಡಿಯಲ್ಲಿ ಲೆಕ್ಕಕ್ಕಾಗಿ ಇಡುವ ಹೆಜ್ಜೆ ನಿಮಗೆ ಬೇಡ.

ಹತ್ತು ಸಾವಿರ ಎನ್ನುವುದು ಯಾವ ವೈದ್ಯರೂ ಪರೀಕ್ಷಿಸಿ ಗೊತ್ತುಮಾಡಿದ ಸಂಖ್ಯೆಯಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಪುಟ್ಟ ಯಂತ್ರವನ್ನು ಈ ಸಂಖ್ಯೆಯ ಹೆಸರಿಟ್ಟೇ ಮಾರಾಟಕ್ಕೆ ತಂದಿತು. ಯಂತ್ರ ಹಳೆಯದಾಯಿತು, ಸಂಖ್ಯೆ ಮಾತ್ರ ನಮ್ಮ ಫೋನುಗಳವರೆಗೂ ಬಂತು.

ಇದನ್ನು ಒರೆಗೆ ಹಚ್ಚಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಐ-ಮಿನ್ ಲೀ. 2019ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ ಇದ್ದವರು ಅಮೆರಿಕದ 16,741 ಮಹಿಳೆಯರು, ಸರಾಸರಿ ವಯಸ್ಸು 72. ಎಲ್ಲರೂ ಒಂದು ವಾರ ಸೊಂಟಕ್ಕೆ ಚಲನೆ ಅಳೆಯುವ ಸಾಧನ ಕಟ್ಟಿಕೊಂಡರು. ಆಮೇಲೆ ಸರಾಸರಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಗಮನಿಸಲಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುತ್ತಿದ್ದವರಿಗಿಂತ ಸುಮಾರು 4,400 ಹೆಜ್ಜೆ ಇಡುತ್ತಿದ್ದವರಲ್ಲಿ ಸಾವಿನ ಅಪಾಯ ಶೇ 41ರಷ್ಟು ಕಡಿಮೆ ಇತ್ತು. ಅಂದರೆ ನೀವು ಈಗ ಎಲ್ಲಿದ್ದೀರೋ ಅಲ್ಲೇ! ಹೆಜ್ಜೆ ಹೆಚ್ಚಿದಂತೆ ಅಪಾಯ ಇನ್ನಷ್ಟು ತಗ್ಗಿ, ಸುಮಾರು 7,500ರ ಹೊತ್ತಿಗೆ ಅಲ್ಲಿಗೇ ನಿಂತಿತು. ಬಿರುಸಾಗಿ ನಡೆದರೋ ನಿಧಾನವಾಗಿ ನಡೆದರೋ ಎಂಬುದಕ್ಕಿಂತ, ದಿನದ ಒಟ್ಟು ಹೆಜ್ಜೆಯೇ ಮುಖ್ಯವಾಗಿ ಕಂಡಿತು.

ನಡಿಗೆಯೊಂದರಿಂದಲೇ ಆಯುಷ್ಯ ಹೆಚ್ಚಿತು ಎಂದು ಇಂಥ ಅಧ್ಯಯನ ಸಾಧಿಸಲಾರದು. ಗಟ್ಟಿಮುಟ್ಟಾಗಿರುವವರು ಸಹಜವಾಗಿಯೇ ಹೆಚ್ಚು ನಡೆಯುತ್ತಾರೆ. ಅದರಲ್ಲಿದ್ದ ಹೆಚ್ಚಿನವರು ಬಿಳಿಯ ಮಹಿಳೆಯರು ಎಂಬುದನ್ನೂ ಮರೆಯಬಾರದು. ಆದರೂ ಹತ್ತು ಸಾವಿರ ತಲುಪದೆ ಹೋದರೆ ಕೇಡು ಎಂಬ ನಿಮ್ಮ ಭಯಕ್ಕೆ ಅದರಲ್ಲಿ ಆಧಾರವಿಲ್ಲ.

ಇನ್ನೊಂದು ವಿಷಯ ಕೇಳುತ್ತೇನೆ. ಮನೆಯಲ್ಲಿರುವಾಗ ಫೋನ್ ಎಲ್ಲಿರುತ್ತದೆ? ಸೀರೆಗೆ ಜೇಬಿಲ್ಲ, ಬಹುಶಃ ಟೇಬಲ್ ಮೇಲೋ ಚಾರ್ಜಿಗೋ ಇರುತ್ತದೆ. ಹಾಗಿದ್ದರೆ ಅಡುಗೆಮನೆಯ ಓಡಾಟ, ಅಂಗಳ ಗುಡಿಸಿ ರಂಗೋಲಿ ಹಾಕುವುದು, ಬಟ್ಟೆ ಒಣಹಾಕಲು ಮಹಡಿಗೆ ಹೋಗಿಬರುವುದು, ಯಾವುದೂ ಅದರ ಲೆಕ್ಕಕ್ಕೆ ಸಿಕ್ಕಿಲ್ಲ. ಲೀ ಅವರ ಅಧ್ಯಯನದಲ್ಲಿ ಎಚ್ಚರವಿದ್ದಷ್ಟು ಹೊತ್ತೂ ಸಾಧನ ಸೊಂಟದಲ್ಲೇ ಇತ್ತು, ಮನೆಯೊಳಗಿನ ಹೆಜ್ಜೆಗಳೂ ಎಣಿಕೆಗೆ ಬಂದವು. ಜೀವನವಿಡೀ ದುಡಿದ ಹೆಂಗಸರು ಮನೆಗೆಲಸವನ್ನು ಚಟುವಟಿಕೆಯೆಂದೇ ಪರಿಗಣಿಸದೆ ತಮ್ಮನ್ನು ಸೋಮಾರಿಗಳೆಂದು ಬೈದುಕೊಳ್ಳುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೆಜ್ಜೆಗಿಂತ ನಿಮ್ಮ ವಯಸ್ಸಿಗೆ ಕೊರತೆಯಾಗುವುದು ಬೇರೆ. 65 ದಾಟಿದವರು ಬೀಳದಂತೆ ಉಳಿಯಲು, ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯುಬಲ ಬೆಳೆಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು ಇಂಥವೇ. ಮಂಡಿ ಯಾವುದಕ್ಕೆ ಒಪ್ಪುತ್ತದೆಂದು ಫಿಸಿಯೊಥೆರಪಿಸ್ಟ್ ಹೇಳಿದ ಮೇಲೆ ಶುರುಮಾಡಿ.

ಮಗನಿಗೆ ಸುಳ್ಳು ಹೇಳಬೇಡಿ. ದೂರದಲ್ಲಿರುವ ಮಕ್ಕಳಿಗೆ ಅಮ್ಮನ ಆರೋಗ್ಯದ ಬಗ್ಗೆ ಹಿಡಿದುಕೊಳ್ಳಲು ಏನಾದರೂ ಬೇಕಾಗಿರುತ್ತದೆ, ಅವನಿಗೆ ಸಿಕ್ಕಿದ್ದು ಈ ಸಂಖ್ಯೆ. ಮುಂದಿನ ಸಲ ಅವನು ಫೋನ್ ಮಾಡಿದಾಗ ಮಂಡಿನೋವಿನ ವಿಷಯ ಮುಚ್ಚಿಡದೆ ಹೇಳಿ. ಅವನಿಗೆ ತಿಳಿಯಬೇಕಾದದ್ದು ಅದು. ಬೇಕಿದ್ದರೆ ಈ ಉತ್ತರವನ್ನೇ ಕಳಿಸಿ.

ಪಾರ್ಕಿನ ನಡಿಗೆ ನೋವು ಕೊಡದಿದ್ದರೆ ಬಿಡಬೇಡಿ, ಆದರೆ ಫೋನನ್ನು ಕರೆಗಷ್ಟೇ ಇಟ್ಟುಕೊಳ್ಳಿ. ಮಂಡಿ ಊದಿಕೊಂಡಿದ್ದರೆ, ಮೆಟ್ಟಿಲು ಇಳಿಯುವಾಗ ನೋವು ಜಾಸ್ತಿಯಾದರೆ, ಈ ವಾರವೇ ಮೂಳೆ ವೈದ್ಯರಿಗೆ ತೋರಿಸಿ.